ಮೊದಲ ತಲೆಮಾರಿನ ಓದು: ಗುರಿ, ಆಸಕ್ತಿ, ಆಶಯ



ಪದವಿ ತರಗತಿಗೆ ಸೇರುವಾಗ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ, ಸಂದರ್ಶನಕ್ಕೆ ಕುಳಿತಾಗ ನಿಮಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ: ನಿಮ್ಮ ಗುರಿಯೇನು, ಆಸಕ್ತಿಗಳೇನು, ಸಮಾಜದಲ್ಲಿ ಯಾವ ಬದಲಾವಣೆಯನ್ನು ಬಯಸುತ್ತೀರಿ? ಬರುವ ಉತ್ತರಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ನೌಕರಿ ಪಡೆಯುವುದು ಗುರಿ, ಪುಸ್ತಕ ಓದುವುದು ಆಸಕ್ತಿ, ಸಮಾಜಸೇವೆ ಆಶಯ. ಈ ಮೂರು ಮಾತುಗಳಲ್ಲಿ ಸುಳ್ಳೇನೂ ಇಲ್ಲ. ಆದರೆ ಬರೆದವರ ಮನೆಯಾಗಲಿ, ಊರಾಗಲಿ, ಭಾಷೆಯಾಗಲಿ ಅವುಗಳಲ್ಲಿ ಕಾಣಿಸುವುದಿಲ್ಲ. ತಂದೆತಾಯಿಗಳು ಕಾಲೇಜಿನ ಮೆಟ್ಟಿಲು ಹತ್ತದ ಮನೆಯಿಂದ ಬಂದ ವಿದ್ಯಾರ್ಥಿಗೆ ಈ ಪ್ರಶ್ನೆ ಬೇರೆಯೇ ಅರ್ಥವನ್ನು ಪಡೆಯುತ್ತದೆ. ಆ ಅರ್ಥವನ್ನು ಕರ್ನೂಲು ಜಿಲ್ಲೆಯ ಪಶ್ಚಿಮದಂಚಿನ ಹಾಲಹರವಿ ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪತ್ರ ಓದಿದ ವೆಂಕಣ್ಣ

ಆದೋನಿ ಸೀಮೆಯಲ್ಲಿ ಪ್ರಚಲಿತವಾಗಿರುವ ಐತಿಹ್ಯವೊಂದನ್ನು ನೀವೆಲ್ಲ ಕೇಳಿರುತ್ತೀರಿ. ವೆಂಕಣ್ಣನೆಂಬ ಅನಾಥ ಹುಡುಗ ದನ ಕಾಯುತ್ತಿದ್ದ, ಅಕ್ಷರ ತಿಳಿಯದವನು. ಆದೋನಿಯ ಅಧಿಪತಿಯಾಗಿದ್ದ ಸಿದ್ದಿ ಮಸೂದ್ ಖಾನನು ತನಗೆ ಬಂದ ಪತ್ರವನ್ನು ಓದಿ ಹೇಳೆಂದು ಅವನಿಗೆ ಆಜ್ಞಾಪಿಸಿದನು. ಓದಲು ಬಾರದೆಂದರೂ ಬಿಡಲಿಲ್ಲ. ಹುಡುಗನು ರಾಘವೇಂದ್ರ ಸ್ವಾಮಿಗಳನ್ನು ಸ್ಮರಿಸಿದಾಗ ಅಕ್ಷರಗಳು ತಾವಾಗಿಯೇ ತಿಳಿದವು. ಪತ್ರದಲ್ಲಿದ್ದುದು ಶುಭವಾರ್ತೆ. ಓದಿದ ವೆಂಕಣ್ಣನು ಆದೋನಿಯ ದಿವಾನನಾದನು.

ಭಕ್ತರು ಇದನ್ನು ಗುರುಮಹಿಮೆಯ ಕಥೆಯಾಗಿ ಹೇಳುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಇದರಲ್ಲಿ ಇನ್ನೊಂದನ್ನೂ ಗಮನಿಸಬಹುದು. ದನಗಾಹಿಯ ಮತ್ತು ದಿವಾನನ ನಡುವೆ ಇರುವ ದೂರವನ್ನು ಈ ಕಥೆ ಒಂದು ಪತ್ರದಿಂದ ಅಳೆಯುತ್ತದೆ. ಓದು ಬಾರದವನಿಗೆ ಓದು ಪವಾಡದಂತೆಯೇ ಕಾಣುತ್ತದೆ ಎಂಬ ಜನಾನುಭವ ಅದರಲ್ಲಿದೆ. ಆದರೆ ಪವಾಡದಿಂದ ಬಂದ ಓದಿಗೆ ಒಂದು ಮಿತಿಯುಂಟು. ಕ್ಷಣಮಾತ್ರದಲ್ಲಿ ಓದಲು ಕಲಿತವನು ಆ ದಾರಿಯನ್ನು ಮತ್ತೊಬ್ಬನಿಗೆ ತೋರಿಸಲಾರ. ಅಂಗನವಾಡಿಯಿಂದ ಪದವಿಯವರೆಗೆ ಹದಿನೈದು ಹದಿನಾರು ವರ್ಷ ಒಂದೊಂದೇ ಮೆಟ್ಟಿಲು ಹತ್ತಿ ಬಂದವರಿಗೆ ಯಾವ ಮೆಟ್ಟಿಲು ಸಡಿಲವಾಗಿದೆ, ಎಲ್ಲಿ ಕಾಲು ಜಾರುತ್ತದೆ ಎಂಬುದು ಗೊತ್ತಿರುತ್ತದೆ. ಹೀಗೆ ಕಲಿತವರು ಕಲಿಸಬಲ್ಲರು. ಮೊದಲ ತಲೆಮಾರಿನ ವಿದ್ಯಾರ್ಥಿಯ ವಿಶೇಷ ಶಕ್ತಿ ಇರುವುದು ಇಲ್ಲಿಯೇ.

1823ರ ಒಂದು ವರದಿ

ಮೆಟ್ಟಿಲುಗಳು ಸಡಿಲವಾದದ್ದು ನಿನ್ನೆ ಮೊನ್ನೆಯಲ್ಲ. ಮದ್ರಾಸಿನ ಗವರ್ನರಾಗಿದ್ದ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳಿಂದಲೂ ಶಾಲೆಗಳ ಲೆಕ್ಕವನ್ನು ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಕಳುಹಿಸಿದನು. ಆದೋನಿ, ಆಲೂರು ಪ್ರದೇಶಗಳೂ ಇಂದಿನ ಅನಂತಪುರ ಭಾಗವೂ ಆಗ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದವು. ಜಿಲ್ಲೆಯ ಜನಸಂಖ್ಯೆ 9,27,857, ಶಾಲೆಗಳು 533, ಓದುತ್ತಿದ್ದವರು 6,641. ಎಂದರೆ ಸಾವಿರ ಜನಕ್ಕೆ ಸುಮಾರು ಏಳು ಮಂದಿ. ಅವರಲ್ಲಿ ಹುಡುಗಿಯರು ಕೇವಲ 60. ಭಾಷಾವಾರು ಲೆಕ್ಕವೂ ಕುತೂಹಲಕರವಾಗಿದೆ: ಕನ್ನಡ ಶಾಲೆಗಳು 235, ತೆಲುಗು ಶಾಲೆಗಳು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷ್ ಒಂದು, ಉಳಿದ 23 ಸಂಸ್ಕೃತ ವಿದ್ಯಾಸ್ಥಾನಗಳು.

ಈ ವರದಿಯಲ್ಲಿ ನಾವು ಮನಸ್ಸಿಟ್ಟು ಓದಬೇಕಾದ ಸಂಗತಿಗಳು ಎರಡು. ಮೊದಲನೆಯದು, ಮಧ್ಯಮ ಹಾಗೂ ಕೆಳವರ್ಗದ ಜನ ಬಡತನಕ್ಕೆ ಸಿಕ್ಕಿ ಮಕ್ಕಳ ಓದಿನ ವೆಚ್ಚವನ್ನು ಭರಿಸಲಾರದೆ, ಎಳೆಯ ಕೈಗಳು ಕೆಲಸಕ್ಕೆ ಬರುವಷ್ಟಾದ ಕೂಡಲೇ ಅವನ್ನು ದುಡಿಮೆಗೆ ಹಚ್ಚುತ್ತಾರೆಂಬುದು. ಎರಡನೆಯದು, ಶಾಲೆಯ ಪಠ್ಯಗಳು ಪದ್ಯರೂಪದಲ್ಲಿದ್ದು, ಆಡುಮಾತಿಗೂ ವ್ಯವಹಾರದ ಭಾಷೆಗೂ ದೂರವಾಗಿರುವುದರಿಂದ ಮಕ್ಕಳು ಉಚ್ಚಾರಣೆಯನ್ನು ಕಲಿಯುತ್ತಾರೆಯೇ ಹೊರತು ಅರ್ಥವನ್ನಲ್ಲ ಎಂಬುದು. ದುಡಿಮೆ ಮತ್ತು ಭಾಷೆ, ಈ ಎರಡು ತೊಡಕುಗಳೂ ರೂಪ ಬದಲಿಸಿಕೊಂಡು ಇಂದಿಗೂ ಉಳಿದಿವೆ. 2011ರ ಜನಗಣತಿಯಲ್ಲಿ ಕರ್ನೂಲು ಜಿಲ್ಲೆಯ ಸಾಕ್ಷರತೆ ಶೇಕಡ 60ರಷ್ಟು. ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಓದುಬರಹ ತಿಳಿದಿತ್ತು.

ಗಡಿ ಮತ್ತು ಎರಡು ಭಾಷೆ

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆ ಇಬ್ಭಾಗವಾಯಿತು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು; ಬಳ್ಳಾರಿಯೂ ಉಳಿದ ತಾಲೂಕುಗಳೂ ಮೈಸೂರಿಗೆ ಬಂದವು. ಆಲೂರು ಸೀಮೆಯ ಹಾಲಹರವಿ ಹೀಗೆ ಗಡಿಯ ಊರಾಯಿತು. ಹೊಲ, ಸಂತೆ, ಬೀಗತನ ಎರಡೂ ಕಡೆ ಉಳಿದವು. ಕಚೇರಿಯ ಭಾಷೆ ಮಾತ್ರ ತೆಲುಗಾಯಿತು.

ಇಲ್ಲಿಯ ಕನ್ನಡ ಮನೆಯ ಮಗು ಮನೆಯಲ್ಲಿ ಒಂದು ಭಾಷೆ, ಮಂಡಲ ಕಚೇರಿಯಲ್ಲಿ ಇನ್ನೊಂದು ಭಾಷೆ, ಕಾಲೇಜಿನ ನಮೂನೆಗಳಲ್ಲಿ ಮೂರನೆಯದಾದ ಇಂಗ್ಲಿಷನ್ನು ಎದುರಿಸುತ್ತದೆ. ಇದನ್ನು ಕೊರತೆಯೆಂದೇ ಎಣಿಸುವ ರೂಢಿಯಿದೆ. ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಹಾಗೆ ಎಣಿಸಬೇಕಾಗಿಲ್ಲ. ತೆಲುಗಿನ ‘ಚೆಲ್ಲಿಂಚು’ ಎಂಬ ಕ್ರಿಯಾಪದವನ್ನು ನೋಡಿ. ಹಣ ಕಟ್ಟಬೇಕೆಂಬ ನೋಟೀಸಿನಲ್ಲಿ ಅದು ಬರುತ್ತದೆ. ಕನ್ನಡದ ಕಿವಿಗೆ ‘ಚೆಲ್ಲು’ ಎಂದು ಕೇಳಿಸುತ್ತದೆ. ವಾಸ್ತವವಾಗಿ ಅದು ನಮ್ಮ ‘ಸಲ್ಲಿಸು’ವಿನ ಜ್ಞಾತಿಪದ; ತೆಲುಗಿನ ‘ಚೆಲ್ಲು’, ಕನ್ನಡದ ‘ಸಲ್ಲು’ ಒಂದೇ ಮೂಲದವು. ‘ದರಖಾಸ್ತು’ ಎಂದರೆ ತೆಲುಗಿನಲ್ಲಿ ಯಾವುದೇ ಅರ್ಜಿ. ಕನ್ನಡದಲ್ಲಿ ಅದು ಹೆಚ್ಚಾಗಿ ಸರ್ಕಾರಿ ಜಮೀನು ಬೇಡಿ ಹಾಕುವ ಅರ್ಜಿಗೆ ಸಲ್ಲುತ್ತದೆ. ಇಂಥ ಪದಗಳ ನಡುವೆ ನಡೆದಾಡಿ ಬೆಳೆದವರಿಗೆ ತೌಲನಿಕ ದ್ರಾವಿಡ ವ್ಯಾಕರಣದ ಪಾಠ ಅರ್ಧ ಮನೆಯಲ್ಲಿಯೇ ಆಗಿರುತ್ತದೆ.

ಗುರಿ

ಗುರಿಯೆಂದರೆ ಹುದ್ದೆಯ ಹೆಸರಷ್ಟೇ ಅಲ್ಲ. ಅಲ್ಲಿಗೆ ಹೋಗುವ ದಾರಿಯ ತಿಳಿವಳಿಕೆಯೂ ಹೌದು. ಓದಿದವರ ಮನೆಗಳಲ್ಲಿ ಈ ತಿಳಿವಳಿಕೆ ಊಟದ ಹೊತ್ತಿನ ಮಾತಿನಲ್ಲಿಯೇ ದೊರೆಯುತ್ತದೆ. ಮೊದಲ ತಲೆಮಾರಿನವರು ಅದನ್ನು ಹುಡುಕಿಯೇ ಪಡೆಯಬೇಕು.

ಐಚ್ಛಿಕ ಕನ್ನಡ ಓದುವ ಗಡಿನಾಡಿನವರ ಮುಂದಿರುವ ಕೆಲವು ದಾರಿಗಳನ್ನು ಗುರುತಿಸೋಣ. ಆಂಧ್ರಪ್ರದೇಶದ ಶಿಕ್ಷಕ ಅರ್ಹತಾ ಪರೀಕ್ಷೆಯಲ್ಲಿ ಕನ್ನಡವನ್ನು ಮೊದಲ ಭಾಷೆಯಾಗಿ ಆಯ್ದುಕೊಳ್ಳಲು ಅವಕಾಶವಿದೆ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರೆಂದು ಪರಿಗಣಿಸುವ ಪ್ರದೇಶಗಳ ಪಟ್ಟಿಯಲ್ಲಿ ಆದೋನಿ, ಆಲೂರು, ರಾಯದುರ್ಗ, ಮಡಕಶಿರಾ ತಾಲೂಕುಗಳ ಹೆಸರಿದೆ, ಪಿ.ಯು. ಓದುತ್ತಿರುವ ನಿಮ್ಮ ತಮ್ಮ ತಂಗಿಯರಿಗೆ ಇದನ್ನು ತಿಳಿಸಿ, ಆಯಾ ವರ್ಷದ ಪ್ರಕಟಣೆಯನ್ನು ಓದಿಸಿರಿ. ಸ್ನಾತಕೋತ್ತರ ವ್ಯಾಸಂಗಕ್ಕೆ ಬಳ್ಳಾರಿಯ ವಿಶ್ವವಿದ್ಯಾಲಯ ಹತ್ತಿರದಲ್ಲಿದೆ. ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವೂ ಕುಪ್ಪಂನಲ್ಲಿ ದ್ರಾವಿಡ ವಿಶ್ವವಿದ್ಯಾಲಯವೂ ಇವೆ. ಕೇಂದ್ರ ನಾಗರಿಕ ಸೇವಾ ಪರೀಕ್ಷೆಯಲ್ಲಿಯೂ ಕನ್ನಡ ಸಾಹಿತ್ಯ ಐಚ್ಛಿಕ ವಿಷಯವಾಗಿದೆ. ‘ನೌಕರಿ ಪಡೆಯುವೆ’ ಎಂಬುದನ್ನು ಈ ಪೈಕಿ ಒಂದು ಪರೀಕ್ಷೆಯ ಹೆಸರು, ಅದಕ್ಕೆ ಬೇಕಾದ ಅರ್ಹತೆ, ಈ ವರ್ಷ ಮುಗಿಸಬೇಕಾದ ಸಿದ್ಧತೆ ಎಂದು ಒಡೆದು ಬರೆದಾಗ ಅದು ಗುರಿಯಾಗುತ್ತದೆ.

ಇನ್ನೊಂದು ಮಾತು. ಮನೆಯ ಸಾಲ ತೀರಿಸುವುದು, ತಂಗಿಯನ್ನು ಓದಿಸುವುದು, ತಾಯಿಯನ್ನು ಕೂಲಿಯಿಂದ ಬಿಡಿಸುವುದು ಸಣ್ಣ ಗುರಿಗಳೆಂದು ನಾಚಿ ಅವನ್ನು ಬರೆಯದೆ ಬಿಡುವವರುಂಟು. ನಾಚಬೇಕಾಗಿಲ್ಲ. ಒಂದು ಮನೆಯಿಂದ ಕೂಲಿಯ ಅನಿವಾರ್ಯತೆ ತೊಲಗುವುದೂ ಸಾಮಾಜಿಕ ಬದಲಾವಣೆಯೇ.

ಆಸಕ್ತಿ

ಮನೆಯಲ್ಲಿ ಪುಸ್ತಕಗಳಿಲ್ಲದವರು ತಮಗೆ ಹೇಳಿಕೊಳ್ಳುವಂಥ ಆಸಕ್ತಿಗಳಿಲ್ಲವೆಂದು ಭಾವಿಸುವುದುಂಟು. ಈ ಭಾವನೆ ಸರಿಯಲ್ಲವೆಂಬುದಕ್ಕೆ ಕನ್ನಡ ಸಾಹಿತ್ಯದಲ್ಲಿಯೇ ನಿದರ್ಶನವಿದೆ. ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು ಬಡ ದಲಿತ ಕುಟುಂಬದಿಂದ ಬಂದು, ವಿದ್ಯಾರ್ಥಿನಿಲಯದಲ್ಲಿದ್ದು ಓದಿದವರು. ಎತ್ತುಗಳ ಬದಲು ಮನುಷ್ಯರ ಹೆಗಲಿಗೆ ನೊಗ ಹೂಡಿದ್ದನ್ನು, ಅವರಲ್ಲಿ ಒಬ್ಬರು ತಮ್ಮ ತಂದೆಯಾಗಿದ್ದುದನ್ನು ಅವರು ‘ಊರುಕೇರಿ’ಯಲ್ಲಿ ದಾಖಲಿಸಿದ್ದಾರೆ. ಕವಿಯಾಗಿ ಹೆಸರಾದ ಅವರು ಪಿಎಚ್.ಡಿ. ಸಂಶೋಧನೆಗೆ ಆಯ್ದುಕೊಂಡ ವಿಷಯ ಗ್ರಾಮದೇವತೆಗಳು. ಕೇರಿಯಲ್ಲಿ ಕಂಡದ್ದು ವಿಶ್ವವಿದ್ಯಾಲಯದಲ್ಲಿ ವಿದ್ವತ್ತಿನ ವಿಷಯವಾಯಿತು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವನ್ನು ಇದರೊಂದಿಗೆ ಇಟ್ಟು ಓದಿದರೆ, ಓದಿನ ದಾರಿಯಲ್ಲಿ ಜಾತಿ ಎಸಗುವ ಅವಮಾನಗಳು ಹೇಗೆ ಆತ್ಮಕಥನದ ವಸ್ತುವಾದವೆಂಬುದು ತಿಳಿಯುತ್ತದೆ.

ಹಾಲಹರವಿ ಸೀಮೆಯವರಿಗೂ ಇಂಥ ಸಾಮಗ್ರಿ ಕೈಗೆಟಕುವಲ್ಲಿಯೇ ಇದೆ. ಹೊಳಗುಂದ ಮಂಡಲದ ದೇವರಗಟ್ಟಿನಲ್ಲಿ ದಸರೆಯ ರಾತ್ರಿ ಮಾಳ ಮಲ್ಲೇಶ್ವರನ ಉತ್ಸವದಲ್ಲಿ ನಡೆಯುವ ಬಡಿಗೆಗಳ ಹೋರಾಟ ಪತ್ರಿಕೆಗಳಿಗೆ ಪ್ರತಿವರ್ಷದ ಸುದ್ದಿ. ಗಾಯಗೊಂಡವರ ಎಣಿಕೆಯನ್ನು ಮೀರಿ ಆ ಆಚರಣೆಯ ಮಾತು, ಹಾಡು, ಊರೂರುಗಳ ಸಂಬಂಧ, ಅದರ ಹಿಂಸೆಯ ಬಗೆಗೆ ಜನರಲ್ಲಿಯೇ ಇರುವ ಭಿನ್ನಾಭಿಪ್ರಾಯಗಳನ್ನು ಒಳಗಿನವರಾಗಿ ಕೇಳಿ ಬರೆಯಬಲ್ಲವರು ನೀವು. ಅಜ್ಜಿಯ ಬೀಸುವ ಪದ, ಹತ್ತಿ ಬಿಡಿಸುವಾಗಿನ ಮಾತು, ಒಂದೇ ವಾಕ್ಯದಲ್ಲಿ ಕನ್ನಡ ತೆಲುಗುಗಳು ಬೆರೆಯುವ ಬಗೆ, ಇವೆಲ್ಲವೂ ಆಸಕ್ತಿಯ ಪಟ್ಟಿಗೆ ಸೇರತಕ್ಕವು.

ಆಶಯ

ಈಗ ‘ಸುಗ್ಗಿ’ ಎಂಬ ಪದವನ್ನು ತೆಗೆದುಕೊಳ್ಳೋಣ. ಕಾವ್ಯಗಳಲ್ಲಿ ಅದು ಸಂಭ್ರಮದ ಕಾಲ, ರಾಶಿ ತುಂಬುವ ಕಾಲ. ಕರ್ನೂಲಿನ ಪಶ್ಚಿಮ ಭಾಗದಲ್ಲಿ ‘ಸುಗ್ಗಿಗೆ ಹೋಗುವುದು’ ಎಂದರೆ ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಮಕ್ಕಳುಮರಿಗಳೊಂದಿಗೆ ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೋ ಬೇರೆ ಕಡೆಯ ಹತ್ತಿ ಹೊಲಗಳಿಗೋ ಕೂಲಿಗೆ ಹೋಗುವುದು. ಒಬ್ಬರ ಹೊಲದ ಸುಗ್ಗಿ ಇನ್ನೊಬ್ಬರ ಗುಳೆಯಾಗಿದೆ. ಅರ್ಥವಿಪರ್ಯಯಕ್ಕೆ ಇದಕ್ಕಿಂತ ಕಠೋರವಾದ ಉದಾಹರಣೆ ಬೇಕಿಲ್ಲ. ಶಾಲೆಯ ಹಾಜರಿಯಲ್ಲಿ ಆ ಮಕ್ಕಳ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿ ಬೀಳುತ್ತದೆ. ಮರಳಿದ ಮೇಲೆ ಪಾಠ ಹಿಡಿಯಲಾಗದೆ ಬಿಟ್ಟವರಲ್ಲಿ ಹೆಣ್ಣುಮಕ್ಕಳೇ ಮೊದಲಿಗರು. ತಮ್ಮನನ್ನು ನೋಡಿಕೊಳ್ಳುವ ಹೊಣೆ ಅವರ ಮೇಲೆಯೇ ಬೀಳುತ್ತದೆ. ಕ್ಯಾಂಪ್‌ಬೆಲ್ ಬರೆದ ಎಳೆಯ ಕೈಗಳ ಮಾತು ಇಲ್ಲಿ ನೆನಪಾಗದಿರದು.

ಇಲ್ಲಿ ‘ಸಮಾಜಸೇವೆ’ ಎಂಬ ಪದಕ್ಕಿಂತ ಒಂದು ಕಾನೂನಿನ ಅರಿವು ಹೆಚ್ಚು ಕೆಲಸ ಮಾಡಬಲ್ಲದು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣವನ್ನು ವಿಧಿಸುತ್ತದೆ. ಅದರ 5ನೆಯ ಪ್ರಕರಣದ ಪ್ರಕಾರ ರಾಜ್ಯದೊಳಗಾಗಲಿ ಹೊರಗಾಗಲಿ ಸ್ಥಳ ಬದಲಿಸಿದ ಮಗುವಿಗೆ ಬೇರೆ ಸರ್ಕಾರಿ ಶಾಲೆಗೆ ವರ್ಗಾವಣೆ ಪಡೆಯುವ ಹಕ್ಕಿದೆ. ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕು. ಅದು ತಡವಾಯಿತೆಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕೆನ್ನುತ್ತದೆ. 1956ರ ಏಳನೆಯ ತಿದ್ದುಪಡಿಯಿಂದ ಇದು ಸೇರಿತು. ಈ ಮಾತುಗಳು ಕಾಗದದಲ್ಲಿವೆ. ಸುಗ್ಗಿಗೆ ಹೊರಟ ತಾಯಿಗೆ ಇದನ್ನು ಅವಳ ಕನ್ನಡದಲ್ಲಿ ಹೇಳಿ, ಅರ್ಜಿಯನ್ನು ತೆಲುಗಿನಲ್ಲಿ ಬರೆದುಕೊಟ್ಟು, ಸಹಿ ಮಾಡಿಸಿಕೊಂಡು ಬರುವವರು ಯಾರು? ಎರಡೂ ಭಾಷೆ ಬಲ್ಲ, ಊರಿನಲ್ಲಿ ನಂಬಿಕೆ ಗಳಿಸಿದ, ಕಾಲೇಜು ಕಲಿಯುತ್ತಿರುವ ಅವರದೇ ಮಗಳು ಅಥವಾ ಮಗ. ಗುಳೆಯ ಮೂಲವಾದ ನೀರಿನ ಕೊರತೆ, ಕೂಲಿ, ಸಾಲಗಳನ್ನು ಒಬ್ಬ ವಿದ್ಯಾರ್ಥಿ ನೀಗಿಸಲಾರ. ಒಂದು ಮಗುವಿನ ತರಗತಿ ತಪ್ಪದಂತೆ ನೋಡಿಕೊಳ್ಳಬಲ್ಲ. ಆಶಯವನ್ನು ಈ ಅಳತೆಗೆ ತಂದು ಬರೆದರೆ ಅದನ್ನು ನಾಳೆಯೇ ಆರಂಭಿಸಬಹುದು.

ಅಭ್ಯಾಸಕ್ಕೆ

1. ನಿಮ್ಮ ಗುರಿ, ಆಸಕ್ತಿ, ಆಶಯಗಳನ್ನು ತಲಾ ಐದು ವಾಕ್ಯಗಳಲ್ಲಿ ಬರೆಯಿರಿ. ಪ್ರತಿಯೊಂದರಲ್ಲಿಯೂ ನಿಮ್ಮ ಊರಿನ ಒಂದು ನಿರ್ದಿಷ್ಟ ಸಂಗತಿ ಬರಲಿ. ‘ಸಮಾಜಸೇವೆ’ ಎಂಬ ಪದವನ್ನು ಬಳಸಬೇಡಿ.

2. ‘ಸುಗ್ಗಿ’ಯಂತೆ ನಿಮ್ಮ ಸೀಮೆಯಲ್ಲಿ ಅರ್ಥ ಬದಲಿಸಿಕೊಂಡ ಮೂರು ಪದಗಳನ್ನು ಹಿರಿಯರಿಂದ ಕೇಳಿ ಸಂಗ್ರಹಿಸಿ, ಬದಲಾವಣೆಗೆ ಕಾರಣವನ್ನು ವಿವರಿಸಿರಿ.

3. ‘ಊರುಕೇರಿ’ಯನ್ನು ಓದಿ, ಲೇಖಕರ ಓದಿಗೆ ನೆರವಾದ ವ್ಯಕ್ತಿಗಳನ್ನೂ ಸ್ಥಳಗಳನ್ನೂ ಪಟ್ಟಿ ಮಾಡಿರಿ. ಅದರ ಪಕ್ಕದಲ್ಲಿ ನಿಮ್ಮ ಓದಿಗೆ ನೆರವಾದವರ ಪಟ್ಟಿಯನ್ನು ಬರೆಯಿರಿ.

4. ನಿಮ್ಮ ಮನೆಗೆ ಬಂದ ಒಂದು ತೆಲುಗು ಅಥವಾ ಇಂಗ್ಲಿಷ್ ಸರ್ಕಾರಿ ಪತ್ರವನ್ನು ಮನೆಯವರಿಗೆ ತಿಳಿಯುವ ಕನ್ನಡದಲ್ಲಿ ಬರೆದು, ಅವರಿಗೆ ಓದಿ ಹೇಳಿರಿ. ಅವರು ಯಾವ ಪದದಲ್ಲಿ ತಡೆದು ಕೇಳಿದರೆಂಬುದನ್ನು ಗುರುತು ಮಾಡಿಕೊಂಡು ತರಗತಿಗೆ ತನ್ನಿರಿ.