ಲಾರಿ ಚಾಸಿಗೆ ವಿದೇಶಿ ಕ್ಯಾಂಪರ್ ಬಾಡಿ: ದುಡ್ಡು ಕಳಿಸುವ ಮೊದಲು ತಿಳಿಯಬೇಕಾದದ್ದು

ಸಿದ್ಧಕಟ್ಟೆ, ವೇಣೂರು, ಮೂಡುಬಿದಿರೆ ಕಡೆಯ ಎಷ್ಟೋ ಮನೆಗಳವರು ಗಲ್ಫ್‌ನಲ್ಲಿ ದುಡಿಯುತ್ತಾರೆ. ಅಲ್ಲಿ ಮಂಚ, ಸಿಂಕು, ಅಡುಗೆಕಟ್ಟೆ ಎಲ್ಲ ಇರುವ ಹಳೆಯ ಕ್ಯಾಂಪರ್ ಬಾಡಿಯೊಂದು ಅಗ್ಗಕ್ಕೆ ಕಂಡರೆ ಆಸೆ ಹುಟ್ಟುವುದು ಸಹಜ. ಹಡಗಿನಲ್ಲಿ ಪಣಂಬೂರು ಬಂದರಿಗೆ ತರಿಸಿ, ಊರಿನ ಲಾರಿಯ ಚಾಸಿಗೆ ಕೂರಿಸಿದರೆ ಸಂಸಾರ ಸಮೇತ ದೇಶ ಸುತ್ತಬಹುದಲ್ಲ! ಬೋಲ್ಟು, ವೆಲ್ಡಿಂಗು ಮಾಡುವ ಕೈಗಳು ನಮ್ಮಲ್ಲಿ ಇವೆ. ತೊಡಕು ಇರುವುದೆಲ್ಲ ಕಾಗದಪತ್ರದಲ್ಲಿ. ಅದನ್ನು ಬಾಡಿ ಕೊಂಡ ಮೇಲೆ ವಿಚಾರಿಸಿದವರಿಗೆ ಹಿಂದೆ ಬರುವ ದಾರಿ ಇರುವುದಿಲ್ಲ.

ಮನೆಯಲ್ಲಿ ಈಗಾಗಲೇ ಓಡುತ್ತಿರುವ ಲಾರಿ ಇದ್ದು, ಅದರ ಡಬ್ಬ ಕಳಚಿ ಕ್ಯಾಂಪರ್ ಕೂರಿಸುವ ಯೋಚನೆಯಿದ್ದರೆ ದಯವಿಟ್ಟು ಅಲ್ಲಿಗೇ ನಿಲ್ಲಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಕೆ. ಜಯಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182-ಎ ಕಲಂ, ಕಾನೂನು ಒಪ್ಪದ ಬದಲಾವಣೆ ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ದಂಡ ಕಟ್ಟಿದ ಮಾತ್ರಕ್ಕೆ ಗಾಡಿ ಸಕ್ರಮವಾಗುವುದಿಲ್ಲ.

"ಆರ್‌ಸಿಯಲ್ಲಿ ಸರಕು ವಾಹನ ಅಂತಲೇ ಇರಲಿ, ಕ್ಯಾಂಪರನ್ನು ಲೋಡ್ ಅಂದರಾಯಿತು" ಎಂದು ಸಲಹೆ ಕೊಡುವವರು ಸಿಗುತ್ತಾರೆ. ಇದರಷ್ಟು ಅಪಾಯದ ಸಲಹೆ ಬೇರೆ ಇಲ್ಲ. ಸರಕು ವಾಹನದಲ್ಲಿ ಸುಮ್ಮನೆ ಕೂತು ಬಂದ ಪ್ರಯಾಣಿಕರ ಪರಿಹಾರಕ್ಕೆ ವಿಮಾ ಕಂಪೆನಿ ಹೊಣೆಯಲ್ಲ ಎಂದು 2002ರ ಆಶಾ ರಾಣಿ ಪ್ರಕರಣದಲ್ಲೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಹಿಂದಿನ ಮಂಚದಲ್ಲಿ ಮಕ್ಕಳನ್ನು ಮಲಗಿಸಿಕೊಂಡು ಚಾರ್ಮಾಡಿ ಘಾಟಿ ಹತ್ತುವ ತಂದೆ ಇದನ್ನು ತಿಳಿದಿರಲೇಬೇಕು.

ಹೊಸ ಚಾಸಿ ಕೊಂಡರೆ ದಾರಿ ಇದೆ. ಬಾಡಿ ಇಲ್ಲದ ಚಾಸಿಗೆ ಮೊದಲು ಮೋಟಾರು ವಾಹನ ಕಾಯ್ದೆಯ 43ನೇ ಕಲಂನಡಿ ತಾತ್ಕಾಲಿಕ ನೋಂದಣಿ ಸಿಗುತ್ತದೆ. ಬಾಡಿ ಕೆಲಸ ಮುಗಿಯದಿದ್ದರೆ ಅವಧಿ ತೀರುವ ಮುಂಚೆಯೇ ವಿಸ್ತರಣೆ ಕೇಳಿ. ಕಾಯಂ ನೋಂದಣಿಗೆ ಚಾಸಿ ತಯಾರಕರ ಪ್ರಮಾಣಪತ್ರದ ಜೊತೆಗೆ ಬಾಡಿ ಕಟ್ಟಿದವರ ಪ್ರಮಾಣಪತ್ರವೂ ಬೇಕು. ಮೋಟಾರು ಕ್ಯಾರವಾನ್‌ಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದ್ದು, ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಸಂಸ್ಥೆಗಳು ಪರೀಕ್ಷಿಸಿ ಒಪ್ಪಿಗೆ ಕೊಡುತ್ತವೆ. ವಿದೇಶದ ಸರ್ಟಿಫಿಕೇಟು ಎಷ್ಟೇ ದೊಡ್ಡದಿದ್ದರೂ ಈ ಒಪ್ಪಿಗೆಯ ಬದಲಿಗೆ ನಡೆಯದು. ಒಂದೇ ಒಂದು ಗಾಡಿಗೆ ಇಷ್ಟೆಲ್ಲ ಮಾಡಿಸುವುದು ಬಹಳ ದುಬಾರಿ. ಕ್ಯಾರವಾನ್ ಒಪ್ಪಿಗೆ ಪಡೆದ ಇಲ್ಲಿನ ಬಾಡಿ ಬಿಲ್ಡರ್ ಹತ್ತಿರವೇ ಕಟ್ಟಿಸಿ, ಬೇಕಾದರೆ ಕಿಟಕಿ, ಫ್ರಿಜ್ಜು ಮಾತ್ರ ಹೊರಗಿನಿಂದ ತರಿಸುವುದು ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೂ ವಿದೇಶಿ ಬಾಡಿಯೇ ಬೇಕೆಂದರೆ ಮೊದಲು ಅದರ ಬಾಗಿಲನ್ನೇ ನೋಡಿ. ರಸ್ತೆಯ ಬಲಗಡೆ ಗಾಡಿ ಓಡಿಸುವ ಗಲ್ಫ್, ಅಮೆರಿಕ, ಜರ್ಮನಿಯ ಕ್ಯಾಂಪರ್‌ಗಳಿಗೆ ಸಾಮಾನ್ಯವಾಗಿ ಬಾಗಿಲು ಬಲಬದಿಗೆ. ಇಲ್ಲಿ ರಸ್ತೆ ಬದಿಗೆ ನಿಲ್ಲಿಸಿ ಇಳಿದರೆ ಕಾಲಿಡುವುದು ಹಿಂದಿನಿಂದ ಬರುವ ಬಸ್ಸಿನ ಎದುರಿಗೆ. ಬ್ರಿಟನ್, ಆಸ್ಟ್ರೇಲಿಯದ ಬಾಡಿಗಳಲ್ಲಿ ಸಾಮಾನ್ಯವಾಗಿ ಈ ತೊಂದರೆ ಇಲ್ಲ. ಅಗಲ 2.6 ಮೀಟರ್ ಮೀರಬಾರದು. ಹಿಂದಿನ ಚಕ್ರದಾಚೆ ಚಾಚುವ ಭಾಗ ವೀಲ್‌ಬೇಸಿನ ಶೇ. 60ನ್ನು ದಾಟಬಾರದು. ಟೇಪು ಹಿಡಿದು ಅಳೆಸಿ ಫೋಟೋ ತರಿಸಿಕೊಳ್ಳಿ.

ಇನ್ನು ಬಂದರಿನ ವಿಷಯ. ಬಳಸಿದ ಬಾಡಿ ಯಂತ್ರೋಪಕರಣದಂಥ ಬಂಡವಾಳ ಸರಕಲ್ಲ, ಸೆಕೆಂಡ್ ಹ್ಯಾಂಡ್ ಸಾಮಾನು. ವಿದೇಶಿ ವ್ಯಾಪಾರ ನೀತಿಯಲ್ಲಿ ಇಂಥವು ನಿರ್ಬಂಧಿತ. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಅನುಮತಿ ಮೊದಲೇ ಇರದಿದ್ದರೆ ಕಸ್ಟಮ್ಸ್‌ನವರು ಮುಟ್ಟುಗೋಲು ಹಾಕಬಹುದು. ಊರಿಗೆ ಮರಳುವವರ ಲಗೇಜು ಎಂದು ಪೂರ್ತಿ ಕ್ಯಾಂಪರ್ ವಾಹನ ತರುವಂತೆಯೂ ಇಲ್ಲ. ಕಸ್ಟಮ್ಸ್ ಕಾಯ್ದೆಯ 'ಬ್ಯಾಗೇಜ್' ವ್ಯಾಖ್ಯೆಯೇ ಮೋಟಾರು ವಾಹನವನ್ನು ಹೊರಗಿಟ್ಟಿದೆ. ಗ್ಯಾಸ್ ಸಿಲಿಂಡರನ್ನು ಬಿಚ್ಚಿಸಿ ಅಲ್ಲೇ ಬಿಡಿ, ಅದರ ಆಮದಿಗೆ ಬೇರೆ ಅನುಮತಿ ಬೇಕು.

ಹೊಸ ಬಾಡಿಯಾದರೆ ಕಸ್ಟಮ್ಸ್ ಸುಂಕ ಪಟ್ಟಿಯ 8707 ಶೀರ್ಷಿಕೆಯ ವಾಹನ ಬಾಡಿಯೋ, 8716ರಡಿ ಬರುವ ಕ್ಯಾರವಾನ್ ಟ್ರೇಲರೋ ಎಂಬ ಪ್ರಶ್ನೆ ಏಳಬಹುದು. ಸುಂಕ ಅದನ್ನು ಹೊಂದಿಕೊಂಡಿದೆ. ಆಮದಿಗೆ ಮೊದಲೇ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ತಿಳಿದುಕೊಳ್ಳಬಹುದು. ನೀವು ಹೇಳಿದ ಶೀರ್ಷಿಕೆಯನ್ನು ಅಧಿಕಾರಿ ಬದಲಿಸಿದರೆ, ಕಾರಣ ಬರೆದ ಆದೇಶವನ್ನು 15 ದಿನಗಳೊಳಗೆ ಕೊಡಬೇಕು ಎನ್ನುತ್ತದೆ ಕಸ್ಟಮ್ಸ್ ಕಾಯ್ದೆಯ 17(5) ಕಲಂ. ಒಪ್ಪಿಗೆಯಿದೆ ಎಂದು ನೀವೇ ಬರೆದುಕೊಟ್ಟರೆ ಮಾತ್ರ ಆ ಹಕ್ಕು ಹೋಗುತ್ತದೆ. ಅವಸರದಲ್ಲಿ ಕ್ಲಿಯರಿಂಗ್ ಏಜೆಂಟರು ಅಂಥ ಪತ್ರಕ್ಕೆ ಸಹಿ ಕೇಳಿದರೆ ಓದದೆ ಹಾಕಬೇಡಿ. ಆದೇಶ ಕೈಸೇರಿದ 60 ದಿನಗಳೊಳಗೆ ಕಮಿಷನರ್ (ಅಪೀಲ್ಸ್) ಅವರಿಗೆ ಮೇಲ್ಮನವಿ ಸಲ್ಲಿಸಬಹುದು. ವಿವಾದದ ಸುಂಕದ ಶೇ. 7.5ನ್ನು ಮುಂಗಡ ಕಟ್ಟಬೇಕು.

ಹಾಗಾಗಿ ಮೊದಲ ಹೆಜ್ಜೆ ನಿಮ್ಮ ವ್ಯಾಪ್ತಿಯ ಆರ್‌ಟಿಒ ಕಚೇರಿಗೆ. ಚಾಸಿಯ ಮಾಡೆಲು, ಬಾಡಿಯ ನಕ್ಷೆ, ಅಳತೆ ಬರೆದ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಉತ್ತರವನ್ನೂ ಬರಹದಲ್ಲೇ ಕೇಳಿ. ನಿಮ್ಮ ಅರ್ಜಿ ರಾಜ್ಯದ ಸಕಾಲ ಯೋಜನೆಯ ಪಟ್ಟಿಯ ಸೇವೆಗೆ ಸೇರಿದ್ದರೆ ಜಿಎಸ್‌ಸಿ ಸಂಖ್ಯೆ ಕೇಳಿ ಪಡೆಯಿರಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವಿದೆ. ವಕೀಲರ ಖರ್ಚಿನ ಚಿಂತೆಯಿದ್ದರೆ ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು.