ವಿಮರ್ಶಕರ ಅಳತೆಗೋಲು ಯಾವುದು? – ಕ್ರೈಸ್ತ ದೃಷ್ಟಿಯ ಚಿತ್ರವಿಮರ್ಶೆಯನ್ನು ಆಧರಿಸಿದ ಒಂದು ಪಾಠ

ತರಗತಿ: 9
ವಿಷಯ: ವಿಜ್ಞಾನ (ವೈಜ್ಞಾನಿಕ ವಿಧಾನ), ಕನ್ನಡ ಭಾಷೆಯೊಂದಿಗೆ ಸಮನ್ವಯ
ಅವಧಿ: 40 ನಿಮಿಷ
ಬೋಧನೋಪಕರಣಗಳು: ಐದು ವಾಕ್ಯಗಳ ಚಾರ್ಟ್, ಕರಿಹಲಗೆ, ದಿನಪತ್ರಿಕೆಯ ಸಿನಿಮಾ ಪುಟ

ಕಲಿಕಾ ಉದ್ದೇಶಗಳು
1. ವಿದ್ಯಾರ್ಥಿಗಳು ಅವಲೋಕನ, ಅರ್ಥೈಸುವಿಕೆ ಮತ್ತು ಮೌಲ್ಯನಿರ್ಣಯಗಳ ವ್ಯತ್ಯಾಸವನ್ನು ಗುರುತಿಸುವರು.
2. ಮೌಲ್ಯನಿರ್ಣಯದ ಹಿಂದಿರುವ ಅಳತೆಗೋಲನ್ನು ಹೆಸರಿಸುವರು.
3. ತಮ್ಮದಲ್ಲದ ನಂಬಿಕೆಯಿಂದ ಬರೆದ ಬರಹವನ್ನು ಗೌರವದಿಂದ, ಪ್ರಶ್ನೆ ಕೇಳುತ್ತಾ ಓದುವರು.

ಈ ವಸ್ತುವಿನ ಆಯ್ಕೆ ಏಕೆ?
ಪ್ರಯೋಗಾಲಯದಲ್ಲಿ ‘ಕಂಡದ್ದನ್ನು ಮಾತ್ರ ಬರೆಯಿರಿ’ ಎಂದು ಹೇಳುತ್ತೇವೆ. ಲಿಟ್ಮಸ್ ಕಾಗದದ ವಿಷಯದಲ್ಲಿ ಮಕ್ಕಳು ಅದನ್ನು ಪಾಲಿಸುತ್ತಾರೆ. ಹೊಸ ಸಿನಿಮಾದ ವಿಷಯ ಬಂದರೆ ಕಂಡದ್ದು, ಅನಿಸಿದ್ದು, ಮೆಚ್ಚಿದ್ದು ಎಲ್ಲವೂ ಕಲಸಿಹೋಗುತ್ತದೆ. ಇವನ್ನು ಬಿಡಿಸಿ ತೋರಿಸಲು ಅಳತೆಗೋಲನ್ನು ಬಚ್ಚಿಡದ ವಿಮರ್ಶೆ ಬೇಕು. ಕ್ರೈಸ್ತ ವಿಮರ್ಶಕರು ತಾವು ಎಲ್ಲಿ ನಿಂತು ನೋಡುತ್ತಿದ್ದೇವೆ ಎಂಬುದನ್ನು ಮೊದಲೇ ಹೇಳಿಬಿಡುವುದರಿಂದ ಅವರ ಬರಹ ಈ ಪಾಠಕ್ಕೆ ಹೊಂದುತ್ತದೆ.

ಶಿಕ್ಷಕರಿಗೆ ಹಿನ್ನೆಲೆ
ಅಮೆರಿಕದಲ್ಲಿ 1934ರಲ್ಲಿ ಆರಂಭವಾದ ಕ್ಯಾಥೊಲಿಕರ ‘ಲೀಜನ್ ಆಫ್ ಡೀಸೆನ್ಸಿ’ ಚಿತ್ರಗಳಿಗೆ ಎ, ಬಿ, ಸಿ ದರ್ಜೆ ಕೊಡುತ್ತಿತ್ತು. ‘ಸಿ’ ಎಂದರೆ ಖಂಡನೀಯ. ನೋಡಬಹುದೇ, ಬಾರದೇ ಎಂಬುದಷ್ಟೇ ಅಲ್ಲಿನ ಮುಖ್ಯ ಪ್ರಶ್ನೆ. ಮುಂದೆ ಪ್ರಶ್ನೆಯೇ ಹಿಗ್ಗಿತು. ಕಾನ್ ಚಿತ್ರೋತ್ಸವದಲ್ಲಿ ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟೆಂಟ್ ಸಂಘಟನೆಗಳ ಜಂಟಿ ತೀರ್ಪುಗಾರರ ಮಂಡಳಿ 1974ರಿಂದ ಪ್ರಶಸ್ತಿ ನೀಡುತ್ತಿದೆ. ಮೊದಲ ಪ್ರಶಸ್ತಿ ಪಡೆದದ್ದು ಫಾಸ್‌ಬಿಂಡರ್ ಅವರ ‘ಆಲಿ: ಫಿಯರ್ ಈಟ್ಸ್ ದ ಸೋಲ್’. ವಯಸ್ಸಾದ ಜರ್ಮನ್ ಕೆಲಸದಾಕೆ ಮತ್ತು ಮೊರಾಕೊದ ವಲಸೆ ಕಾರ್ಮಿಕನ ಪ್ರೀತಿಯ ಕಥೆ ಅದು, ಬೈಬಲ್ ಕಥೆಯಲ್ಲ. ಕ್ರೈಸ್ತ ವಿಮರ್ಶೆ ಎಂದರೆ ಕ್ರಿಸ್ತನ ಕುರಿತ ಚಿತ್ರಗಳ ವಿಮರ್ಶೆ ಮಾತ್ರ ಎಂಬ ತಿಳಿವಳಿಕೆ ಇಲ್ಲಿಗೆ ಬಿದ್ದುಹೋಗುತ್ತದೆ. ಪ್ರತಿವರ್ಷ ಮೇ ತಿಂಗಳಲ್ಲಿ ಬರುವ ಕಾನ್ ಸುದ್ದಿಯೊಡನೆ ಈ ಪಾಠವನ್ನು ಜೋಡಿಸಬಹುದು.

ಪಾಠದ ಬೆಳವಣಿಗೆ

ಹಂತ 1: ಕಥೆ (8 ನಿಮಿಷ). ಆಯ್ದ ಚಿತ್ರ ಡೆನ್ಮಾರ್ಕಿನ ‘ಬಾಬೆಟ್ಸ್ ಫೀಸ್ಟ್’ (1987). ನಿರ್ದೇಶಕರು ಗೇಬ್ರಿಯಲ್ ಆಕ್ಸೆಲ್. ವ್ಯಾಟಿಕನ್ 1995ರಲ್ಲಿ, ಸಿನಿಮಾ ಹುಟ್ಟಿ ನೂರು ವರ್ಷವಾದಾಗ ಪ್ರಕಟಿಸಿದ 45 ಚಿತ್ರಗಳ ಪಟ್ಟಿಯಲ್ಲಿ ಇದೂ ಇದೆ. ಚಿತ್ರ ತೋರಿಸುವ ಅಗತ್ಯವಿಲ್ಲ, ಕಥೆ ಹೇಳಿದರೆ ಸಾಕು. ಕಡಲ ತೀರದ ಹಳ್ಳಿಯಲ್ಲಿ ತೀರಿಹೋದ ಪಾದ್ರಿಯ ಇಬ್ಬರು ಹೆಣ್ಣುಮಕ್ಕಳು. ಪ್ಯಾರಿಸ್‌ನ ಗಲಭೆಯಿಂದ ತಪ್ಪಿಸಿಕೊಂಡು ಬಂದ ಬಾಬೆಟ್ ಅವರ ಮನೆಯಲ್ಲಿ ಅಡುಗೆಗೆ ನಿಲ್ಲುತ್ತಾಳೆ. ವರ್ಷಗಳ ನಂತರ ಅವಳಿಗೆ ಲಾಟರಿಯಲ್ಲಿ 10,000 ಫ್ರಾಂಕ್ ಬರುತ್ತದೆ. ಪಾದ್ರಿಯ ನೂರನೆಯ ಹುಟ್ಟುಹಬ್ಬಕ್ಕೆ ಅಷ್ಟನ್ನೂ ಖರ್ಚು ಮಾಡಿ ಔತಣ ಬಡಿಸುತ್ತಾಳೆ. ತಮ್ಮತಮ್ಮಲ್ಲೇ ಮುನಿಸಿಕೊಂಡಿದ್ದ ಹಳ್ಳಿಯ ಹಿರಿಯರು ಊಟದ ನಂತರ ಕೈಕೈ ಹಿಡಿದು ಹಾಡುತ್ತಾರೆ.

ಹಂತ 2: ವಾಕ್ಯಗಳ ವಿಂಗಡಣೆ (15 ನಿಮಿಷ). ಕ್ರೈಸ್ತ ದೃಷ್ಟಿಯ ವಿಮರ್ಶೆಯ ಮಾದರಿಯಲ್ಲಿ ಪಾಠಕ್ಕೆಂದೇ ನಾನು ಬರೆದ ವಾಕ್ಯಗಳಿವು:

ಅ) ಮೇಜಿನ ಸುತ್ತ ಹನ್ನೆರಡು ಮಂದಿ ಕುಳಿತಿದ್ದಾರೆ.
ಆ) ಬಾಬೆಟ್ ತನ್ನ ಹಣವನ್ನೆಲ್ಲ ಒಂದೇ ಊಟಕ್ಕೆ ಸುರಿಯುತ್ತಾಳೆ.
ಇ) ಈ ಊಟ ಯೇಸು ಶಿಷ್ಯರೊಡನೆ ಮಾಡಿದ ಕಡೆಯ ಭೋಜನವನ್ನು ನೆನಪಿಸುತ್ತದೆ.
ಈ) ಊಟ ಮುಗಿಯುವ ಹೊತ್ತಿಗೆ ಹಳೆಯ ಮುನಿಸು ಕರಗಿದೆ.
ಉ) ಅರ್ಹತೆ ನೋಡದೆ ಸಿಗುವ ದೇವರ ಕೃಪೆಯನ್ನು ಕಾಣಿಸುವುದರಿಂದ ಇದು ದೊಡ್ಡ ಚಿತ್ರ.

ಅ ಮತ್ತು ಆ ಅವಲೋಕನವೆಂದು ಎಲ್ಲ ಗುಂಪುಗಳೂ ಬೇಗ ಒಪ್ಪಿದವು. ಇ ವಾಕ್ಯಕ್ಕೆ ಒಬ್ಬ ಹುಡುಗ, “ಹನ್ನೆರಡು ಅಂದ್ರೆ ಒಂದು ಡಜನ್ ಅಷ್ಟೇ ಅಲ್ವಾ ಮಿಸ್?” ಎಂದ. ಒಳ್ಳೆಯ ಆಕ್ಷೇಪಣೆ. ಸಂಖ್ಯೆಯೊಂದೇ ಸಾಲದು, ಬೇರೆ ಆಧಾರ ಬೇಕು. ಪಾದ್ರಿಯ ಮನೆ, ಭಕ್ತರ ಕೂಟ, ತನ್ನದನ್ನೆಲ್ಲ ಕೊಟ್ಟವಳು – ಹೀಗೆ ಮಕ್ಕಳೇ ಆಧಾರಗಳನ್ನು ಪಟ್ಟಿ ಮಾಡಿದರು. ಅರ್ಥೈಸುವಿಕೆಯನ್ನು ಆಧಾರದಿಂದ ಬಲಪಡಿಸಬಹುದು, ದುರ್ಬಲಗೊಳಿಸಲೂಬಹುದು ಎಂದು ಹಲಗೆಯ ಮೇಲೆ ಬರೆದೆ. ಈ ವಾಕ್ಯದ ಬಗ್ಗೆ ಹೆಚ್ಚು ಚರ್ಚೆಯಾಯಿತು. ಕೈ ಹಿಡಿದದ್ದು ಅವಲೋಕನ, ಮುನಿಸು ಕರಗಿತೆಂಬುದು ಅರ್ಥೈಸುವಿಕೆ ಎಂದು ಹಿಂದಿನ ಬೆಂಚಿನವರು ಬಿಡಿಸಿ ಹೇಳಿದರು.

ಹಂತ 3: ಅಳತೆಗೋಲು (12 ನಿಮಿಷ). ‘ದೊಡ್ಡ ಚಿತ್ರ’ ಎನ್ನಲು ವಿಮರ್ಶಕರು ಬಳಸಿದ ಅಳತೆ ಯಾವುದು? ‘ಕೃಪೆ’ ಎಂಬ ಉತ್ತರ ವಾಕ್ಯದಲ್ಲೇ ಇದೆ. ಅಳತೆಗೋಲು ಬದಲಾದರೆ ಏನಾಗುತ್ತದೆ ಎಂದು ಕೇಳಿದಾಗ ಒಬ್ಬಳು, “ನಮ್ಮಲ್ಲಾದ್ರೆ ದಾಸೋಹ ಅಂತೀವಿ” ಎಂದಳು. ಇನ್ನೊಬ್ಬಳು, “ಅಷ್ಟು ದುಡ್ಡು ಒಂದೇ ರಾತ್ರಿಗಾ? ದುಂದು” ಎಂದಳು. ಎರಡನ್ನೂ ಹಲಗೆಯಲ್ಲಿ ಬೇರೆ ಬೇರೆ ಕಂಬಸಾಲಿನಲ್ಲಿ ಬರೆದೆ. ಕೃಪೆ ಮತ್ತು ದಾಸೋಹ ಒಂದೇ ಎಂದು ಬೆರೆಸಲಿಲ್ಲ. ಅವಲೋಕನದ ಕಂಬಸಾಲು ಮಾತ್ರ ಮೂವರಿಗೂ ಒಂದೇ ಆಗಿ ಉಳಿಯಿತು.

ಎಚ್ಚರಿಕೆಗಳು
ತರಗತಿಯಲ್ಲಿ ಕ್ರೈಸ್ತ ಮಕ್ಕಳಿದ್ದರೆ ‘ನಿಮ್ಮಲ್ಲಿ ಹೇಗೆ, ನೀನೇ ಹೇಳು’ ಎಂದು ಎಬ್ಬಿಸಬಾರದು. ಮಗು ತನ್ನ ಧರ್ಮದ ವಕ್ತಾರನಲ್ಲ. ತಾನಾಗಿಯೇ ಹೇಳಿದರೆ ಕೇಳೋಣ. ಪ್ರಶ್ನೆಗಳೆಲ್ಲ ಚಾರ್ಟಿನ ವಾಕ್ಯಗಳ ಕಡೆಗಿರಲಿ. ನಂಬಿಕೆ ಸರಿಯೋ ತಪ್ಪೋ ಎಂಬುದು ಈ ಪಾಠದ ಪ್ರಶ್ನೆಯಲ್ಲ. ಅದು ಬೋಧನೆಯೂ ಆಗಬಾರದು, ಗೇಲಿಯೂ ಆಗಬಾರದು.

ಮೌಲ್ಯಮಾಪನ (5 ನಿಮಿಷ)
ತಾವು ನೋಡಿದ ಯಾವುದೇ ಚಿತ್ರದ ಬಗ್ಗೆ ಮೂರು ವಾಕ್ಯ ಬರೆಯಬೇಕು: ಒಂದು ಅವಲೋಕನ, ಒಂದು ಅರ್ಥೈಸುವಿಕೆ, ಒಂದು ಮೌಲ್ಯನಿರ್ಣಯ. ಮೂರನೆಯದರ ಪಕ್ಕ ತಮ್ಮ ಅಳತೆಗೋಲನ್ನೂ ಬರೆಯಬೇಕು.

ಗೃಹಪಾಠ
ಈ ವಾರದ ಪತ್ರಿಕೆಯಿಂದ ಒಂದು ಚಿತ್ರವಿಮರ್ಶೆ ಕತ್ತರಿಸಿ ತನ್ನಿ. ‘ಮನೆಮಂದಿಯೆಲ್ಲ ಕೂತು ನೋಡಬಹುದು’, ‘ಕೊಟ್ಟ ಕಾಸಿಗೆ ಮೋಸವಿಲ್ಲ’ ಎಂಬಂಥ ಮಾತುಗಳಿಗೆ ಅಡಿಗೆರೆ ಎಳೆಯಿರಿ. ಯಾರ ಮನೆ, ಯಾವ ಲೆಕ್ಕ ಎಂದು ಅಂಚಿನಲ್ಲಿ ಬರೆಯಿರಿ. ಕ್ರೈಸ್ತ ವಿಮರ್ಶಕರು ತಾವೇ ಹೇಳಿಕೊಂಡದ್ದನ್ನು ಇಲ್ಲಿ ನಾವೇ ಹುಡುಕಿ ತೆಗೆಯಬೇಕು.