ಪಟ್ಟದಕಲ್ಲು: ಪರೀಕ್ಷೆಗೆ ನೆನಪಿಡಬೇಕಾದ ಅಂಶಗಳು

ಸ್ಥಳ: ಬಾಗಲಕೋಟೆ ಜಿಲ್ಲೆ, ಮಲಪ್ರಭಾ ನದಿ ದಂಡೆ. 1987ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಶೈಲಿ: ಉತ್ತರದ ನಾಗರ, ದಕ್ಷಿಣದ ದ್ರಾವಿಡ ಶೈಲಿಯ ಗುಡಿಗಳು ಒಂದೇ ಆವರಣದಲ್ಲಿವೆ. ಬಾದಾಮಿ ಚಾಲುಕ್ಯರ ನಾಡು ಎರಡೂ ಪರಂಪರೆಗಳು ಕೂಡಿದ ತಾಣವಾಗಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ವಿರೂಪಾಕ್ಷ ದೇವಾಲಯ: 8ನೇ ಶತಮಾನ. ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಮೂಲ ಹೆಸರು ಲೋಕೇಶ್ವರ. ಗೆದ್ದವರ ಗುಡಿಯಲ್ಲೇ ಸೋತ ಪಲ್ಲವರ ಶಿಲ್ಪಪ್ರಭಾವ ಎದ್ದುಕಾಣುತ್ತದೆ.

ಶಾಸನ: ಈ ದೇವಾಲಯದ ಶಾಸನವು ಶಿಲ್ಪಿ ಗುಂಡನಿಗೆ ‘ತ್ರಿಭುವನಾಚಾರಿ’ ಬಿರುದು ದೊರೆತದ್ದನ್ನು ತಿಳಿಸುತ್ತದೆ. ಕುಶಲಕರ್ಮಿಗೂ ರಾಜಮನ್ನಣೆ ಇತ್ತು.

ಧರ್ಮ: ಶೈವ ಗುಡಿಗಳ ಸಮೀಪದಲ್ಲೇ ರಾಷ್ಟ್ರಕೂಟರ ಕಾಲದ ಜೈನ ಬಸದಿ ಇದೆ.

ಗಮನಿಸಿ: ಹಂಪಿಯ ವಿರೂಪಾಕ್ಷ ದೇವಾಲಯ ಬೇರೆ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.